ದೀಪದ ಬುಡದ ಕತ್ತಲೆ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮವರು ಸಾಮಾನ್ಯವಾಗಿ ಬೈಗುಳದಂತೆ ಬಳಸುತ್ತಾರೆ. ಮೇಷ್ಟರ ಮಗ ಪರೀಕ್ಷೆಯಲ್ಲಿ ನಪಾಸಾದಾಗ, ವೈದ್ಯರ ಮನೆಯಲ್ಲಿಯೇ ರೋಗಿ ನರಳುತ್ತಿರುವಾಗ, ಊರಿಗೆಲ್ಲ ನ್ಯಾಯ ಹೇಳುವ ಪಂಚರ ಮಕ್ಕಳು ಪಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದಾಗ, ಜಗಲಿಯ ಮೇಲೆ ಕುಳಿತವರೊಬ್ಬರು ತಲೆಯಾಡಿಸುತ್ತ ಈ ಮಾತನ್ನು ಉದುರಿಸುತ್ತಾರೆ, ಕೇಳಿದವರು ನಗುತ್ತಾರೆ, ಗಾದೆಯ ಕೆಲಸ ಅಲ್ಲಿಗೆ ತೀರಿತೆಂಬುದು ಲೋಕದ ಅಭಿಪ್ರಾಯ. ಕಳೆದ ವೈಶಾಖದಿಂದೀಚೆಗೆ ಈ ಗಾದೆಯು ನನ್ನನ್ನು ಬೇರೊಂದು ನಿಮಿತ್ತದಿಂದ ಹಿಂಬಾಲಿಸುತ್ತಿರುವುದರಿಂದಲೂ, ಆ ನಿಮಿತ್ತವು ಮದುವೆಯ ಫೋಟೋಗಳಿಗೆ ಸಂಬಂಧಪಟ್ಟದ್ದಾದುದರಿಂದಲೂ, ಇದಕ್ಕೆ ನನಗೆ ತೋಚಿದ ವ್ಯಾಖ್ಯಾನವೊಂದನ್ನು ಬರೆದಿಡಬಯಸುತ್ತೇನೆ.

ಮೊದಲು ಉಳಿದ ವ್ಯಾಖ್ಯಾನಗಳ ವಿಚಾರ. ದೊಡ್ಡವರ ಮನೆಯ ದೋಷವನ್ನು ಎತ್ತಿ ಆಡುವ ಅರ್ಥವನ್ನು ಮೇಲೆ ಹೇಳಿದೆನಷ್ಟೆ. ಅದರಲ್ಲಿ ಹೊಟ್ಟೆಕಿಚ್ಚಿನ ಪಾಲು ಹೆಚ್ಚು, ವಿಚಾರದ ಪಾಲು ಕಡಮೆ, ಏಕೆಂದರೆ ಅದು ತನ್ನ ಕರ್ತವ್ಯವನ್ನು ನೆರವೇರಿಸುತ್ತಿರುವ ದೀಪವನ್ನೇ ಅಪರಾಧಿಯನ್ನಾಗಿ ನಿಲ್ಲಿಸುತ್ತದೆ. ವೇದಾಂತಿಗಳು ಇದನ್ನು ಆತ್ಮಜ್ಞಾನಕ್ಕೆ ಎಳೆದೊಯ್ದು, ಎಲ್ಲವನ್ನೂ ಬೆಳಗಿಸುವ ಬುದ್ಧಿಗೆ ತನ್ನ ಮೂಲವೇ ಗೋಚರಿಸದು ಎನ್ನುತ್ತಾರೆ. ಅಡುಗೆಮನೆಯಲ್ಲಿ ಹುಟ್ಟಿದ ಮಾತಿಗೆ ಉಪನಿಷತ್ತಿನ ಶಲ್ಯವನ್ನು ಹೊದಿಸುವ ಅಗತ್ಯ ನನಗೆ ಕಾಣದು. ಇನ್ನು, ವಿದ್ಯುದ್ದೀಪ ಸೂರಿನಿಂದ ತೂಗಲಾರಂಭಿಸಿದ ಮೇಲೆ ಗಾದೆಯೇ ಅರ್ಥಹೀನವಾಯಿತೆಂದು ವಾದಿಸುವ ಜಾಣರೂ ಉಂಟು. ಅವರು ಆಷಾಢದ ಒಂದು ವಾರ ನಮ್ಮ ಮಲೆನಾಡಿನ ಹಳ್ಳಿಯೊಂದರಲ್ಲಿ ವಾಸಮಾಡಿ ನೋಡಲಿ.

ಬುಡದಲ್ಲಿ ಕತ್ತಲೆ ಏಕಿರುತ್ತದೆ? ದೀಪವನ್ನು ಕಣ್ಣಿಟ್ಟು ನೋಡಿದವರಿಗೆ ಉತ್ತರ ಸುಲಭ. ಕುಡಿಯು ಉರಿಯುವುದು ಬತ್ತಿಯ ತುದಿಯಲ್ಲಿ. ಬತ್ತಿ ಮುಳುಗಿರುವುದು ಎಣ್ಣೆಯಲ್ಲಿ. ಎಣ್ಣೆ ನಿಂತಿರುವುದು ಹಣತೆಯಲ್ಲಿ. ಹಣತೆಯು ಎಣ್ಣೆಯನ್ನು ಹೊತ್ತಿರುವುದರಿಂದಲೇ ಅದರ ನೆರಳು ಕೆಳಗೆ ಬೀಳುತ್ತದೆ; ನೆರಳು ಬೇಡವೆಂದರೆ ಹಣತೆಯನ್ನು ತೆಗೆಯಬೇಕು, ಹಣತೆಯನ್ನು ತೆಗೆದರೆ ಎಣ್ಣೆಯಿಲ್ಲ, ಎಣ್ಣೆಯಿಲ್ಲದಲ್ಲಿ ಬೆಳಕೂ ಇಲ್ಲ. ಬೆಳಕನ್ನು ಹೊತ್ತು ನಿಂತವರ ಮೇಲೆ ಆ ಬೆಳಕು ಬೀಳುವುದಿಲ್ಲ ಎಂಬುದೇ ಗಾದೆಯ ಹೃದಯವೆಂದು ನನ್ನ ದೃಢವಾದ ನಂಬಿಕೆ. ಇದಕ್ಕೆ ಪರಿಹಾರವನ್ನೂ ನಮ್ಮ ಹಿರಿಯರು ಕಂಡುಕೊಂಡಿದ್ದರು. ದೇವರ ಮುಂದೆ ಒಂಟಿ ದೀಪ ಹಚ್ಚಬಾರದೆಂದು ನನ್ನ ತಾಯಿ ಹೇಳುತ್ತಿದ್ದರು. ಶಾಸ್ತ್ರಾಧಾರವನ್ನು ನಾನು ಹುಡುಕಿದವನಲ್ಲ, ಆದರೆ ಎಡಬಲಗಳಲ್ಲಿ ಜೋಡಿ ದೀಪಗಳು ಉರಿಯುತ್ತಿರುವಾಗ ಒಂದರ ಬುಡಕ್ಕೆ ಮತ್ತೊಂದರ ಬೆಳಕು ಬೀಳುತ್ತದೆಂಬುದನ್ನು ಪ್ರತಿ ಸಂಜೆಯೂ ಕಾಣುತ್ತಿದ್ದೇನೆ.

ಈ ಜೋಡಿ ದೀಪದ ತತ್ತ್ವವನ್ನು ನನಗೆ ಮನದಟ್ಟು ಮಾಡಿಸಿದ್ದು ಭದ್ರಾವತಿಯ ಒಂದು ಕಲ್ಯಾಣಮಂಟಪ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಅಕ್ಕನ ಮಗನಿಗೆ, ಲಗ್ನಗಳು ಒಂದರ ಮೇಲೊಂದು ಬಿದ್ದ ಆ ವಾರ, ಎರಡನೆಯ ಕ್ಯಾಮೆರಾ ಹಿಡಿಯುವ ಹುಡುಗರು ಯಾರೂ ಸಿಕ್ಕಲಿಲ್ಲ. ಅಧ್ಯಾಪಕವೃತ್ತಿಯಿಂದ ನಿವೃತ್ತನಾಗಿ ಮಂಡಗದ್ದೆಯ ಹಕ್ಕಿಗಳನ್ನೂ ಕೂಡಲಿಯ ಸಂಗಮವನ್ನೂ ಚಿತ್ರಿಸುತ್ತ ಕಾಲ ಕಳೆಯುತ್ತಿದ್ದ ನನ್ನನ್ನು ಅವನು ಬೆಳಗಿನ ಜಾವದ ಕತ್ತಲಲ್ಲಿಯೇ ಬಿ.ಎಚ್. ರಸ್ತೆಯಲ್ಲಿ ಕಾರಿಗೆ ಹತ್ತಿಸಿಕೊಂಡು, ತುಂಗೆಯಿಂದ ಭದ್ರೆಯವರೆಗಿನ ಆ ಸಣ್ಣ ಪ್ರಯಾಣದಲ್ಲಿ ನನಗೆ ವಿಧಿನಿಷೇಧಗಳ ಉಪದೇಶ ಮಾಡಿದನು. "ಮಾವ, ನಾನು ಗ್ರೂಪ್ ತೆಗೆಯುವಾಗ ನೀವು ಪಕ್ಕದಲ್ಲಿ ನಿಂತು ಕ್ಲಿಕ್ ಮಾಡಬೇಡಿ, ಜನರ ಕಣ್ಣು ಎರಡು ಕಡೆಗೆ ಹೋಗುತ್ತೆ. ನನ್ನ ಫ್ರೇಮಿನೊಳಗೆ ಬರಬೇಡಿ. ಫ್ಲ್ಯಾಶ್ ಅಂತೂ ಹಾಕಲೇಬೇಡಿ." ಛತ್ರದ ಬಾಗಿಲಲ್ಲಿ ಇಬ್ಬರ ಕ್ಯಾಮೆರಾಗಳ ಗಡಿಯಾರಗಳನ್ನೂ ಸೆಕೆಂಡು ತಪ್ಪದಂತೆ ಹೊಂದಿಸಿದನು, ಇಲ್ಲವಾದರೆ ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಕಾಲಕ್ರಮದಲ್ಲಿ ಸೇರಿಸುವಾಗ ತಾಳಿ ಕಟ್ಟಿದ ಮೇಲೆ ಕಾಶೀಯಾತ್ರೆ ಬರುವುದಂತೆ!

ಫ್ಲ್ಯಾಶಿನ ಬೆಳಕಿಗೆ ಒಂದು ನಿಯಮವುಂಟು. ದೂರವು ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ವೇದಿಕೆಯ ಮೇಲೆ ವಧೂವರರ ಮುಖಕ್ಕೆ ಹಿತವಾಗುವಷ್ಟು ಬೆಳಕನ್ನು ಅಳೆದು ಚಿತ್ರ ತೆಗೆದರೆ, ಅವರ ಹಿಂದೆ ನಾಲ್ಕು ಮೊಳ ಸರಿದು ನಿಂತವರು ಚಿತ್ರದಲ್ಲಿ ಮಸಿಯಾಗುತ್ತಾರೆ. ಮುಖ್ಯ ಛಾಯಾಗ್ರಾಹಕನು ಇದಕ್ಕಾಗಿ ಏನೂ ಮಾಡಲಾರನು, ಮಾಡಲೂ ಬಾರದು. ಮುಹೂರ್ತದ ಕ್ಷಣದಲ್ಲಿ ಅವನ ದೃಷ್ಟಿ ತಾಳಿಯಿಂದ ಕದಲಿದರೆ ಆ ಮನೆಯವರು ಅವನನ್ನು ಜನ್ಮಾಂತರದಲ್ಲಿಯೂ ಕ್ಷಮಿಸರು. ನನ್ನ ಅಕ್ಕನ ಮಗ ಜಾಣನೇ. ಅವನನ್ನು ನಾನು ಆಕ್ಷೇಪಿಸುತ್ತಿಲ್ಲ. ಅವನ ಬೆಳಕಿನ ಬುಡದಲ್ಲಿ ಯಾರಿದ್ದಾರೆಂಬುದನ್ನು ನೋಡುವ ಹೊಣೆ ಎರಡನೆಯವನದು, ಮತ್ತು ಅವನಿಗೆ ಫ್ಲ್ಯಾಶನ್ನು ನಿಷೇಧಿಸಿರುವುದೂ ಒಂದು ಬಗೆಯ ಉಪಕಾರವೇ: ಕಿಟಕಿಯಿಂದಲೋ ಒಲೆಯಿಂದಲೋ ಬಂದ ಬೆಳಕನ್ನೇ ನಂಬಿ, ಐಎಸ್ಒ ಏರಿಸಿಕೊಂಡು, ಲೆನ್ಸಿನ ಕಣ್ಣನ್ನು ಪೂರ್ತಿ ತೆರೆದು ಅವನು ಕಾಯಬೇಕಾಗುತ್ತದೆ, ಕಾಯುತ್ತಿರುವವನಿಗೆ ಮಾತ್ರ ಕಾಣುವಂಥವು ಮದುವೆಯ ಮನೆಯಲ್ಲಿ ಬಹಳವಿರುತ್ತವೆ.

ಅಂತರಪಟವನ್ನೇ ತೆಗೆದುಕೊಳ್ಳಿ. ಜೀರಿಗೆ ಬೆಲ್ಲವನ್ನು ಕೈಯಲ್ಲಿ ಹಿಡಿದು ವಧೂವರರು ಎದುರುಬದುರಾಗಿ ನಿಂತಿರುವಾಗ, ಮಂಗಳಾಷ್ಟಕ ಮುಗಿಯುವವರೆಗೂ ಆ ಶುಭ್ರವಸ್ತ್ರವನ್ನು ಎರಡು ಕಡೆ ಎತ್ತಿ ಹಿಡಿದವರು ಇಬ್ಬರಿರುತ್ತಾರೆ. ತೋಳು ಸೋತು ನಡುಗುತ್ತಿದ್ದರೂ ಅವರು ಅದನ್ನು ಇಳಿಸುವಂತಿಲ್ಲ. ಪಟ ಸರಿಯಿತೆಂದರೆ ಗಟ್ಟಿಮೇಳ, ಅಕ್ಷತೆಯ ಮಳೆ, ನೂರು ಮೊಬೈಲುಗಳ ಮಿಂಚು. ನಾಡಿನ ಯಾವ ಮದುವೆಯ ಆಲ್ಬಮನ್ನು ಬಿಡಿಸಿ ನೋಡಿದರೂ ಆ ಇಬ್ಬರು ಮೊಣಕೈಯಿಂದಾಚೆಗೆ ಕತ್ತರಿಸಿ ಹೋಗಿರುತ್ತಾರೆ. ಅಂದು ಒಂದು ತುದಿಯನ್ನು ಹಿಡಿದಿದ್ದವನು ವಧುವಿನ ಅಣ್ಣ. ಪಟದ ಮರೆಯಲ್ಲಿ ಅವನು ತಂಗಿಯ ಮುಖವನ್ನು ನೋಡಿದ ರೀತಿಯನ್ನು ವರ್ಣಿಸಲು ನಾನು ಹೋಗುವುದಿಲ್ಲ, ಚಿತ್ರವಿದೆ. ಉಗ್ರಾಣದ ಬಾಗಿಲಲ್ಲಿ, ಗಟ್ಟಿಮೇಳ ಕಿವಿಗೆ ಬೀಳುತ್ತಿದ್ದರೂ ಜಾಗ ಬಿಡಲಾರದೆ, ಹಾಲಿನವನ ಲೆಕ್ಕ ತೀರಿಸುತ್ತಿದ್ದ ದೊಡ್ಡಪ್ಪನಿದ್ದನು. ವಧುವಿನ ಕೋಣೆಯ ಬೀಗದ ಕೈಯನ್ನು ಸೆರಗಿಗೆ ಗಂಟುಹಾಕಿಕೊಂಡು ಒಡವೆಗಳ ಕಾವಲಿಗೆ ಕುಳಿತು, ಧಾರೆಯನ್ನೇ ಕಾಣದ ಚಿಕ್ಕಮ್ಮನಿದ್ದಳು. ಅಡಿಗೆ ಭಟ್ಟರಂತೂ ಸರಿಯೇ ಸರಿ.

ಕಂಬದ ಹಿಂದೆ ವಧುವಿನ ಅಜ್ಜಿ ಕುಳಿತಿದ್ದರು. ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವರು. ಪತಿ ತೀರಿಕೊಂಡಿದ್ದರಿಂದ ಶುಭಕಾರ್ಯದಲ್ಲಿ ಮುಂದೆ ಬರಬಾರದೆಂಬ ಕಟ್ಟಳೆಗೆ ತಾವಾಗಿಯೇ ತಲೆಬಾಗಿ, ಯಾರೂ ಹೇಳುವ ಮೊದಲೇ ಹಿಂದೆ ಸರಿದಿದ್ದರು. ಈ ಕಟ್ಟಳೆಯನ್ನು ಕುರಿತು ನಯವಾಗಿ ಬರೆಯುವ ಶಕ್ತಿ ನನಗಿಲ್ಲ. ಮಗುವಿಗೆ ಹಾಲೆರೆದ ಕೈ ಧಾರೆ ಎರೆಯುವಾಗ ಅಮಂಗಳವಾಯಿತೆಂದರೆ, ಅಂಥ ಮಂಗಳದ ಯೋಗ್ಯತೆಯೇನು? ಇದೇ ಜಿಲ್ಲೆಯವರಾದ ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹಪದ್ಧತಿಯನ್ನು ರೂಪಿಸಿಕೊಟ್ಟು, ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಆ ರೀತಿಯಲ್ಲಿಯೇ ನಡೆಸಿ ತೋರಿಸಿ ದಶಕಗಳು ಕಳೆದವು. ಛತ್ರಗಳ ಬಾಡಿಗೆ ಮಾತ್ರ ವರ್ಷವರ್ಷವೂ ಏರುತ್ತಿದೆ.

ಊಟದ ಎರಡನೆಯ ಪಂಕ್ತಿ ಎದ್ದ ಮೇಲೆ ಅಜ್ಜಿಯ ಬಳಿ ಕುಳಿತು ತವರು ಯಾವುದೆಂದು ಕೇಳಿದೆ. "ನಮ್ಮೂರು ಈಗ ನೀರಿನಡಿಗೆ ಐತಪ್ಪ" ಎಂದರು. ಸಾಗರದ ಸೀಮೆಯಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಮುಳುಗಿದ ಹಳ್ಳಿಗಳಲ್ಲಿ ಅವರದೂ ಒಂದು. ಆಗ ಅವರು ಲಂಗ ತೊಡುವ ಹುಡುಗಿ. ಮನೆಮಂದಿಯನ್ನು ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೆ ತಂದು ಇಳಿಸಿದರಂತೆ. ಗಾದೆಗೆ ಇದಕ್ಕಿಂತ ಅಕ್ಷರಶಃ ಆದ ಉದಾಹರಣೆ ಕನ್ನಡನಾಡಿನಲ್ಲಿ ಮತ್ತೊಂದಿಲ್ಲವೆಂದು ನನಗನಿಸುತ್ತದೆ. 1948ರಲ್ಲಿ ಜೋಗದಲ್ಲಿ ವಿದ್ಯುತ್ತು ಹುಟ್ಟಿತು, ಲಿಂಗನಮಕ್ಕಿಯಾದ ಮೇಲೆ ಅದು ಮಹಾಪ್ರವಾಹವಾಗಿ ಬೆಂಗಳೂರಿನ ಕಾರ್ಖಾನೆಗಳಿಗೂ ಬೀದಿಗಳಿಗೂ ಹರಿಯಿತು; ಹಿನ್ನೀರಿನ ನಡುಗಡ್ಡೆಗಳಲ್ಲಿಯೂ ಕಾಡಿನ ಮೂಲೆಗಳಲ್ಲಿಯೂ ಉಳಿದವರ ಮನೆಗಳಲ್ಲಿ ಮಾತ್ರ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯೇ ಗತಿಯಾಯಿತು. ಸಿಗಂದೂರಿನ ಕಡೆಯ ಜನ ಲಾಂಚನ್ನೇ ನಂಬಿ ಬಾಳಿ, ಸೇತುವೆಯನ್ನು ಕಂಡದ್ದು 2025ರಲ್ಲಿ. ಸಂತ್ರಸ್ತರ ಭೂಮಿಗೆ ಹಕ್ಕುಪತ್ರ ಕೊಡುವ ಭಾಷಣಗಳನ್ನು ಪ್ರತಿ ಚುನಾವಣೆಯಲ್ಲಿಯೂ ಕೇಳುತ್ತಿದ್ದೇವೆ. ಅವರನ್ನು ನಾಡು ಮರೆಯಿತೆಂದು ಹೇಳುವುದು ಸೌಜನ್ಯದ ಮಾತು. ಅವರು ಹಣತೆಯಾದುದರಿಂದ ಅವರ ಮೇಲೆ ನೆರಳು ಬಿತ್ತು. ಎರಡನೆಯ ದೀಪವನ್ನು ಹಚ್ಚತಕ್ಕವರು ಹಚ್ಚಲಿಲ್ಲ.

ಇನ್ನು ಮದುವೆ ನಡೆದ ಊರು ಕೂಡ ಇದೇ ಕಥೆಯನ್ನು ಹೇಳುತ್ತದೆ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ತೊಡಗಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು, ಕಲ್ಲಿದ್ದಲು ನಾಡಿನಲ್ಲಿಲ್ಲದ ಕಾರಣ ಊದುಕುಲುಮೆಗೆ ಉಣಿಸಿದ್ದು ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಿಲು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಊರು ಭಕ್ತಿಯಿಂದ ಸ್ಮರಿಸುತ್ತದೆ, ಸ್ಮರಿಸತಕ್ಕದ್ದೇ. ಆದರೆ ಆ ಸೌದೆಯನ್ನು ಕಡಿದು ಹೊತ್ತವರು ಯಾರೆಂದು ಕೇಳಿದರೆ ನ್ಯೂಟೌನಿನಲ್ಲಿ ಉತ್ತರ ಹೇಳುವವರಿಲ್ಲ. 2023ರ ಆರಂಭದಲ್ಲಿ, ಕುಲುಮೆಗೆ ನೂರು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ, ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕುಳಿತರು. ವಧುವಿನ ತಂದೆ ಅದೇ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಸಹೋದ್ಯೋಗಿಗಳು ಇಸ್ತ್ರಿ ಮಾಡಿದ ಬಿಳಿಯ ಅಂಗಿಗಳಲ್ಲಿ ಸಾಲಾಗಿ ಬಂದು, ಉಡುಗೊರೆಯ ಲಕೋಟೆ ಕೊಟ್ಟು, ಒಂದೇ ಒಂದು ಗ್ರೂಪ್ ಫೋಟೋದಲ್ಲಿ ಎರಡು ಸಾಲಾಗಿ ನಿಂತು ಇಳಿದುಹೋದರು. ಆ ಚಿತ್ರ ನನ್ನ ಅಳಿಯನದು; ಅವರು ಕೆಳಗಿಳಿದ ಮೇಲೆ ಬಾಗಿಲ ಬಳಿ ನಿಂತು ಪರಸ್ಪರ ಕೈಹಿಡಿದು ಬಹಳ ಹೊತ್ತು ಮಾತಾಡಿದ್ದು ನನ್ನದು.

ಆಲ್ಬಮ್ಮಿನ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಚಿತ್ರಗಳನ್ನು ಆರಿಸುವವರು ಮನೆಯವರು. ಅಜ್ಜಿಯ ಚಿತ್ರವನ್ನು ಹುಡುಗಿಯೇ ಆರಿಸಿದಳೆಂದು ಕೇಳಿ ಸಂತೋಷವಾಯಿತು. ಅಂತರಪಟ ಹಿಡಿದ ಅಣ್ಣ, ಉಗ್ರಾಣದ ದೊಡ್ಡಪ್ಪ, ಬೀಗದ ಕೈಯ ಚಿಕ್ಕಮ್ಮ, ಕಾರ್ಖಾನೆಯ ಗೆಳೆಯರು ಬಿಟ್ಟುಹೋಗಿದ್ದಾರೆ, ಅವರ ಸ್ಥಳದಲ್ಲಿ ಸಕ್ರೆಬೈಲಿನ ಹಿನ್ನೆಲೆಯ ಪ್ರೀವೆಡ್ಡಿಂಗ್ ಚಿತ್ರಗಳು ಹಾಳೆಹಾಳೆಯಾಗಿ ಹರಡಿಕೊಂಡಿವೆ. ಹಾಳೆಯೊಂದನ್ನು ಹೆಚ್ಚಿಗೆ ಹಾಕು, ಖರ್ಚು ನನ್ನದು ಎಂದು ಅಳಿಯನಿಗೆ ಹೇಳಿದೆ. "ದುಡ್ಡಿನ ಮಾತಲ್ಲ ಮಾವ, ಅವರು ಆರಿಸದೆ ಇರೋದನ್ನ ನಾನು ಸೇರಿಸಿದರೆ ನಾಳೆ ಬಂದು ಕೇಳ್ತಾರೆ" ಎಂದನು. ಕೇಳಲಿ ಎಂಬುದು ನನ್ನ ವಾದ. ಮುದ್ರಣಕ್ಕೆ ಕಳುಹಿಸಲು ಇನ್ನೂ ಸಮಯವಿದೆಯಾದುದರಿಂದ ದುರ್ಗಿಗುಡಿಗೆ ಮತ್ತೊಮ್ಮೆ ಹೋಗಿಬರುವವನಿದ್ದೇನೆ.