ಸಣ್ಣ ಗಾಯವೂ ದೊಡ್ಡ ಸತ್ಯವೂ

‘ದುರ್ಬೀನ್ ಆಪರೇಶನ್’ ಎಂಬ ಮಾತು ಈಗ ನಮ್ಮ ಬೀದರ ನಗರದಲ್ಲಿಯೂ ಭಾಲ್ಕಿ, ಔರಾದ ಸೀಮೆಯ ಹಳ್ಳಿಗಳಲ್ಲಿಯೂ ಮನೆಮಾತಾಗಿರುವುದು. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಬೆರಳಗಲವೂ ಇಲ್ಲದ ನಾಲ್ಕೈದು ರಂಧ್ರಗಳನ್ನು ಮಾತ್ರ ಮಾಡಿ, ಅವುಗಳ ಮೂಲಕ ದೀಪವನ್ನೂ ಕ್ಯಾಮರಾವನ್ನೂ ನೀಳವಾದ ಉಪಕರಣಗಳನ್ನೂ ಒಳಗಿಳಿಸಿ ನಡೆಯಿಸುವ ಶಸ್ತ್ರಚಿಕಿತ್ಸೆಗೆ ಜನರು ಇಟ್ಟಿರುವ ಹೆಸರಿದು. ಅನ್ನನಾಳದ ಮತ್ತು ಜಠರದ ರೋಗಗಳಿಗೂ ಈ ವಿಧಾನವು ಒದಗಿಬಂದಿದೆ. ಇದರಿಂದಾದ ಉಪಕಾರವು ಅಲ್ಪವಲ್ಲ. ಆದರೆ ಈ ಉಪಕಾರದ ಬೆನ್ನಿಗೇ ಒಂದು ಧರ್ಮಪ್ರಶ್ನೆಯೂ ನಮ್ಮ ಮನೆಗಳನ್ನು ಹೊಕ್ಕಿದೆ. ಗಾಯವು ಸಣ್ಣದಾದ ಮಾತ್ರಕ್ಕೆ, ರೋಗಿಗೆ ನಾವು ಹೇಳಬೇಕಾದ ಸತ್ಯವೂ ಸಣ್ಣದಾಗುವುದೆ? ಈ ಪ್ರಶ್ನೆಯನ್ನು ವಾಚಕರೊಡನೆ ಕೂಡಿ ಆಲೋಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಉಪಕಾರವನ್ನೇ ಎಣಿಸೋಣ. ಅರ್ಬುದದಿಂದ ಕೆಟ್ಟ ಜಠರಭಾಗವನ್ನು ಕತ್ತರಿಸಿ ತೆಗೆದು ರೋಗಿಯನ್ನು ಬದುಕಿಸಿ ಮನೆಗೆ ಕಳುಹಿಸಿದ ಮೊದಲಿಗನೆಂದು ಪ್ರಸಿದ್ಧನಾದವನು ವಿಯೆನ್ನಾ ನಗರದ ಬಿಲ್ರೋತನು. ಅದು 1881ರ ಜನವರಿ 29. ಆ ಹೆಂಗಸು ಶಸ್ತ್ರದ ಗಾಯದಿಂದ ಚೇತರಿಸಿಕೊಂಡರೂ, ರೋಗವು ಮರುಕಳಿಸಿ ಸುಮಾರು ನಾಲ್ಕು ತಿಂಗಳಲ್ಲಿ ತೀರಿಕೊಂಡಳು. ಅಂದಿನಿಂದ ನೂರು ವರ್ಷಗಳಿಗೂ ಮಿಗಿಲಾಗಿ, ಜಠರವನ್ನು ಮುಟ್ಟಬೇಕಾದರೆ ಉದರವನ್ನು ಅಗಲವಾಗಿ ತೆರೆಯುವುದು ಅನಿವಾರ್ಯವಾಗಿದ್ದಿತು. 1901ರಲ್ಲಿ ಜರ್ಮನಿಯ ಕೆಲ್ಲಿಂಗನು ನಾಯಿಯ ಉದರದಲ್ಲಿ ವಾಯುವನ್ನು ತುಂಬಿ, ನಳಿಗೆಯೊಂದರಿಂದ ಒಳಗನ್ನು ನೋಡಿ ತೋರಿಸಿದನು. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸನು ಅದನ್ನೇ ಮನುಷ್ಯರಲ್ಲಿ ನಡೆಯಿಸಿದನು. ನೋಡುವುದಕ್ಕೆಂದು ಹುಟ್ಟಿದ ಉಪಾಯವು ದೊಡ್ಡ ಕೆಲಸಗಳನ್ನು ಮಾಡುವುದಕ್ಕೂ ನೆರವಾಗಲು ಮತ್ತೆ ಏಳೆಂಟು ದಶಕಗಳು ಬೇಕಾದವು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾ॥ ತೆಹೆಮ್ಟನ್ ಉದವಾಡಿಯಾ ಅವರು ಪಿತ್ತಕೋಶವನ್ನು ಈ ವಿಧಾನದಿಂದ ಮೊದಲ ಬಾರಿಗೆ ತೆಗೆದರು. 1991ರಲ್ಲಿ ಜಪಾನಿನ ಕಿತಾನೊ ಅವರು ಜಠರದ ಅರ್ಬುದಕ್ಕೆ ಇದನ್ನು ಅನ್ವಯಿಸಿದರು. ಕೊಯಮತ್ತೂರಿನ ಡಾ॥ ಸಿ. ಪಳನಿವೇಲು ಅವರು ರೋಗಿಯನ್ನು ಬೋರಲಾಗಿ ಮಲಗಿಸಿ, ಎದೆಯ ಸಣ್ಣ ರಂಧ್ರಗಳಿಂದ ಅನ್ನನಾಳವನ್ನು ಬಿಡಿಸುವ ಕ್ರಮವನ್ನು ಬೆಳೆಸಿ, 130 ರೋಗಿಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿದರು.

ಲಾಭವು ಬರಿಯ ಸೌಂದರ್ಯದ್ದಲ್ಲ. ಅನ್ನನಾಳವನ್ನು ತೆಗೆಯಬೇಕಾದ 115 ರೋಗಿಗಳನ್ನು ಎರಡು ಗುಂಪು ಮಾಡಿ ಯೂರೋಪಿನಲ್ಲಿ ನಡೆದ ಪರೀಕ್ಷೆಯೊಂದರ ಫಲವು 2012ರಲ್ಲಿ ಹೊರಬಿದ್ದಿತು. ಎದೆಯನ್ನು ತೆರೆದು ಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮೊದಲ ಎರಡು ವಾರಗಳೊಳಗೆ ನೂರಕ್ಕೆ 29 ಮಂದಿಗೆ ಶ್ವಾಸಕೋಶದ ಸೋಂಕು ತಗುಲಿತು. ಸಣ್ಣ ರಂಧ್ರದವರಲ್ಲಿ ನೂರಕ್ಕೆ 9 ಮಂದಿಗೆ ಮಾತ್ರ. ನೋವು ಕಡಮೆ, ಏಳುವುದು ಬೇಗ, ಉಸಿರಾಟ ಸುಲಭ. ಇದನ್ನು ಅರಿತವನು ಈ ವಿದ್ಯೆಯನ್ನು ಹಳಿಯಲಾರನು.

ಆದರೆ ಹೊರಗಿನ ಗಾಯವು ಬೇರೆ, ಒಳಗಿನ ಕಾರ್ಯವು ಬೇರೆ. ಜಠರವನ್ನು ಸಂಪೂರ್ಣವಾಗಿ ತೆಗೆದರೆ ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸುವರು. ಅಲ್ಲಿಂದ ಮುಂದೆ ಆ ಮನುಷ್ಯನು ಎರಡು ಹೊತ್ತು ತಣಿಯೆ ಉಣ್ಣುವವನಲ್ಲ. ದಿನಕ್ಕೆ ಆರು ಬಾರಿ ಸ್ವಲ್ಪಸ್ವಲ್ಪವಾಗಿ ಉಣ್ಣಬೇಕಾದವನು. ಸಿಹಿಯನ್ನು ಹೆಚ್ಚಾಗಿ ತಿಂದರೆ ಬೆವರು, ಎದೆಬಡಿತ, ತಲೆಸುತ್ತು ಉಂಟಾಗುವುದುಂಟು. ಬಿ-12 ಎಂಬ ಜೀವಸತ್ತ್ವವನ್ನು ಆಹಾರದಿಂದ ಹೀರಿಕೊಳ್ಳುವ ಶಕ್ತಿಯು ಜಠರದೊಡನೆಯೇ ಹೋಗುವುದರಿಂದ ಅದನ್ನು ಬದುಕಿರುವವರೆಗೆ ಹೊರಗಿನಿಂದ, ಬಹುಮಟ್ಟಿಗೆ ಸೂಜಿಯಿಂದ, ಕೊಡಬೇಕು. ಅನ್ನನಾಳವನ್ನು ತೆಗೆದರೆ ಜಠರವನ್ನೇ ಕೊಳವೆಯಂತೆ ಮಾಡಿ ಎದೆಗೋ ಕುತ್ತಿಗೆಗೋ ಎಳೆದು ಜೋಡಿಸುವರು. ಆಮೇಲೆ ತಲೆಯನ್ನು ಎತ್ತರಿಸಿಯೇ ಮಲಗಬೇಕು. ಇಷ್ಟೂ ಸಂಗತಿಗಳು ಹೊಟ್ಟೆಯನ್ನು ಸೀಳಿದರೂ ಅಷ್ಟೆ, ನಾಲ್ಕು ರಂಧ್ರ ಮಾಡಿದರೂ ಅಷ್ಟೆ. ಇದಲ್ಲದೆ, ನಡುವೆ ತೊಡಕುಂಟಾದರೆ ವೈದ್ಯನು ಸಣ್ಣ ದಾರಿಯನ್ನು ಬಿಟ್ಟು ಉದರವನ್ನು ತೆರೆಯಲೇಬೇಕಾಗುವುದು.

ಈಗ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಔರಾದ ಸೀಮೆಯ ಒಬ್ಬ ರೈತನು, ಅರುವತ್ತರ ವಯಸ್ಸು, ತೊಗರಿ, ಹೆಸರು, ಜೋಳ ಬೆಳೆದು ಸಂಸಾರವನ್ನು ನಡೆಯಿಸಿದವನು. ಊಟ ಸೇರದೆ ಸೊರಗಿದ್ದಾನೆ. ಬೀದರಿನಲ್ಲಿ ಪರೀಕ್ಷೆಯಾಗಿ, ಅಲ್ಲಿಂದ ಹೈದರಾಬಾದಿಗೆ ಹೋಗಿ, ಜಠರದಲ್ಲಿ ಕ್ಯಾನ್ಸರ್ ಎಂದು ನಿಶ್ಚಯವಾಗಿದೆ. ಮಗನು ವೈದ್ಯರನ್ನು ಹೊರಗೆ ಕರೆದು, ತಂದೆಯವರಿಗೆ ಏನನ್ನೂ ತಿಳಿಸಬಾರದೆಂದು ಕೈಮುಗಿಯುತ್ತಾನೆ. ಒಳಗೆ ಬಂದು, “ಯಪ್ಪಾ, ಚಿಂತಿ ಮಾಡಬ್ಯಾಡ. ಹೊಟ್ಟ್ಯಾಗ ಹುಣ್ಣಾಗ್ಯಾದ. ದುರ್ಬೀನಿಲೆ ತೆಗೀತಾರ. ನಾಕು ಸಣ್ಣ ತೂತ, ಅಷ್ಟೇ” ಎನ್ನುತ್ತಾನೆ. ತಂದೆಯು ಹೆಬ್ಬೆಟ್ಟನ್ನು ಒತ್ತುತ್ತಾನೆ. ಹಿಂದಾಗಿದ್ದರೆ ಎದೆಯಿಂದ ಹೊಕ್ಕುಳದವರೆಗಿನ ಗಾಯವೇ ಮಗನ ಮಾತನ್ನು ಸುಳ್ಳೆಂದು ಸಾರುತ್ತಿದ್ದಿತು. ಈಗ ಗಾಯವೂ ಮಗನ ಪಕ್ಷವನ್ನೇ ವಹಿಸಿದೆ.

ಮನೆಗೆ ಬಂದ ಮೇಲೆ ಏನಾಗುವುದು? ಹುಣ್ಣು ಹೋಯಿತೆಂದು ನಂಬಿದ ಆ ಹಿರಿಯನು ಬೀಗರ ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದಾನೆ. ಇನ್ನೊಂದು ಹೋಳಿಗೆ ಬಡಿಸದೆ ಬಿಡುವುದು ನಮ್ಮ ಕಡೆಯ ಮರ್ಯಾದೆಯಲ್ಲವಷ್ಟೆ. ಉಂಡು ಏಳುವಷ್ಟರಲ್ಲಿ ಕಣ್ಣು ಕತ್ತಲಿಡುತ್ತದೆ. ಕಾರಣವು ತಿಳಿಯದೆ, ಅನ್ನವೇ ತನಗೆ ವೈರಿಯಾಯಿತೆಂದು ಹೆದರಿ ಉಣ್ಣುವುದನ್ನು ಬಿಡುತ್ತಾನೆ. ವಾಸಿಯಾದ ಹುಣ್ಣಿಗೆ ಸೂಜಿಯೇಕೆಂದು ಅದನ್ನೂ ನಿಲ್ಲಿಸುತ್ತಾನೆ. ಕೆಲವು ವರ್ಷ ಬದುಕಿದರೆ ರಕ್ತಹೀನತೆ, ಕಾಲುಗಳ ಜೋಮು ಕಾಣಿಸಿಕೊಳ್ಳುತ್ತವೆ. ದೇಹದ ಮಾತು ಹೀಗಾದರೆ ಮನಸ್ಸಿನದು ಇನ್ನೂ ಕಠಿಣ. ನೆಂಟರು ಬಂದು ತಗ್ಗಿದ ದನಿಯಲ್ಲಿ ಮಾತನಾಡುವುದನ್ನು ಅವನು ಕಾಣದಿರುವನೆ? ಮಗನು ಮರೆಮಾಡುತ್ತಿರುವನೆಂದು ತಂದೆಯು ಊಹಿಸುತ್ತಾನೆ; ಮಗನಿಗೆ ನೋವಾದೀತೆಂದು ತಾನೂ ಅರಿಯದವನಂತೆ ನಟಿಸುತ್ತಾನೆ. ಹೊಲದ ಪಾಲು, ಸಾಲದ ಲೆಕ್ಕ, ಕಿರಿಯ ಮಗಳ ಮದುವೆ ಮುಂತಾಗಿ ಅವನು ಆಡಬೇಕೆಂದಿದ್ದ ಮಾತುಗಳೆಲ್ಲ ಗಂಟಲಲ್ಲೇ ಉಳಿಯುತ್ತವೆ. ಒಂದೇ ಸೂರಿನಡಿ ಇಬ್ಬರೂ ಒಬ್ಬಂಟಿಗರಾಗುತ್ತಾರೆ.

ಮರೆಮಾಡುವವನ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳಲಾರೆನು. ಅವನನ್ನು ಪ್ರೇರಿಸುವುದು ಲೋಭವಲ್ಲ, ಪ್ರೀತಿ. ಚರಕಸಂಹಿತೆಯೂ ಅವನಿಗೆ ಆಧಾರವಾಗುವಂತೆ ತೋರುವುದು: ರೋಗಿಯ ಆಯುಸ್ಸು ಕುಗ್ಗುತ್ತಿರುವುದನ್ನು ತಿಳಿದರೂ, ಹೇಳಿದರೆ ಅವನಿಗಾಗಲಿ ಇತರರಿಗಾಗಲಿ ಆಘಾತವಾಗುವಲ್ಲಿ ಹೇಳಕೂಡದೆಂದು ಅದು ವಿದ್ಯಾರ್ಥಿಗೆ ಬೋಧಿಸುತ್ತದೆ. ಇಷ್ಟೇ ಅಲ್ಲ, ನಮ್ಮ ಜಿಲ್ಲೆಯವರು ಇನ್ನೊಂದು ನಿದರ್ಶನವನ್ನೂ ಕೊಡಬಹುದು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ॥ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದನ್ನು ಇಲ್ಲಿಯ ಮಕ್ಕಳೂ ಬಲ್ಲರು. ಹೊರಗೊಂದು ಒಳಗೊಂದು ಇರುವುದೆಲ್ಲವೂ ಅಧರ್ಮವಾದರೆ ಆ ಪುಣ್ಯಕಾರ್ಯವನ್ನು ಏನೆನ್ನಬೇಕು?

ಈ ಎರಡು ಆಕ್ಷೇಪಗಳೂ ಗೌರವಕ್ಕೆ ಅರ್ಹವಾದುವು. ಆದುದರಿಂದಲೇ ಅವುಗಳನ್ನು ನೆಟ್ಟಗೆ ನೋಡಬೇಕು. ಪಟ್ಟದ್ದೇವರು ಸತ್ಯವನ್ನು ಮರೆಮಾಡಿದ್ದು ಅಧಿಕಾರದಿಂದ, ಮಕ್ಕಳಿಂದಲ್ಲ. ಒಳಗೆ ಕುಳಿತ ಹುಡುಗನಿಗೆ ತಾನು ಕಲಿಯುತ್ತಿರುವುದು ಕನ್ನಡವೆಂದು ಚೆನ್ನಾಗಿ ಗೊತ್ತಿದ್ದಿತು. ಫಲಕವು ಅವನನ್ನು ಕಾಯುವುದಕ್ಕಾಗಿ ಇದ್ದಿತೇ ಹೊರತು ಅವನನ್ನು ಕತ್ತಲಲ್ಲಿಡುವುದಕ್ಕಲ್ಲ. ನಮ್ಮ ದೃಷ್ಟಾಂತದಲ್ಲಾದರೋ, ಊರೆಲ್ಲ ಬಲ್ಲ ಸಂಗತಿಯು ಯಾರ ದೇಹಕ್ಕೆ ಸಂಬಂಧಪಟ್ಟಿದೆಯೋ ಅವನೊಬ್ಬನಿಗೇ ತಿಳಿಯದಂತಾಗಿದೆ. ಇನ್ನು ಚರಕನ ಮಾತು. ಅವನು ತಡೆದದ್ದು ಮರಣದ ಭವಿಷ್ಯವನ್ನು ಸಾರುವುದನ್ನು. ಎಷ್ಟು ತಿಂಗಳು ಬದುಕುವೆನೆಂಬುದನ್ನು ಇಂದಿನ ವೈದ್ಯನೂ ಖಂಡಿತವಾಗಿ ಹೇಳಲಾರನು. ಕೇಳದವನಿಗೆ ಅದನ್ನು ಹೇಳದಿರುವುದೇ ಲೇಸು. ಆದರೆ ‘ನಿನ್ನ ಜಠರವನ್ನು ತೆಗೆಯುವೆವು’ ಎಂಬುದು ಭವಿಷ್ಯವಲ್ಲ. ಅದು ನಾವು ಮಾಡಹೊರಟಿರುವ ಕೆಲಸ. ಸುಶ್ರುತನು ಮೂತ್ರಾಶಯದ ಕಲ್ಲನ್ನು ತೆಗೆಯುವ ಪ್ರಕರಣದಲ್ಲಿ, ಮಾಡದಿದ್ದರೆ ಸಾವು ನಿಶ್ಚಯ, ಮಾಡಿದರೆ ಸಂದೇಹ, ಆದಕಾರಣ ಒಡೆಯನನ್ನು ಕೇಳಿಯೇ ಮಾಡಬೇಕೆಂದು ವಿಧಿಸುತ್ತಾನೆ. ಅಂದು ಒಡೆಯನೆಂದರೆ ಪ್ರಭುವೋ ಪೋಷಕನೋ ಆಗಿದ್ದಿರಬಹುದು. ಇಂದು ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕನ ದೇಹಕ್ಕೆ ಅವನೇ ಒಡೆಯನು.

ನಮ್ಮ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿ 16ರಂದು ಇದನ್ನೇ ಸ್ಪಷ್ಟಪಡಿಸಿತು. ದೆಹಲಿಯ ಮಹಿಳೆಯೊಬ್ಬಳು ರೋಗವನ್ನು ಕಂಡುಹಿಡಿಯಲೆಂದು ದುರ್ಬೀನಿನ ಪರೀಕ್ಷೆಗೆ ಒಪ್ಪಿದ್ದಳು. ಅವಳು ಅರಿವಳಿಕೆಯಲ್ಲಿದ್ದಾಗ, ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಪ್ರಾಣಾಪಾಯದ ತುರ್ತು ಇರಲಿಲ್ಲವಾಗಿ, ತಾಯಿಯ ಒಪ್ಪಿಗೆಯು ಮಗಳ ಒಪ್ಪಿಗೆಯಾಗದೆಂದು ನ್ಯಾಯಾಲಯವು ತೀರ್ಮಾನಿಸಿತು. ಅದೇ 2008ರಲ್ಲಿ ಜಪಾನಿನ ಇನೊವೆ ಅವರು ಅನ್ನನಾಳದ ಕೆಳತುದಿಯು ಸಡಿಲದೆ ಅನ್ನವು ಇಳಿಯದ ರೋಗಕ್ಕೆ, ಬಾಯಿಯ ಮೂಲಕವೇ ನಳಿಗೆಯನ್ನು ಇಳಿಸಿ ಒಳಗಿನ ಸ್ನಾಯುವನ್ನು ಕೊಯ್ಯುವ ವಿಧಾನವನ್ನು ಮೊದಲ ಬಾರಿಗೆ ಮನುಷ್ಯನಲ್ಲಿ ನಡೆಯಿಸಿದರು. 1913ರಲ್ಲಿ ಹೆಲ್ಲರನು ಇದೇ ಕೆಲಸಕ್ಕೆ ಹೊಟ್ಟೆಯನ್ನು ತೆರೆದಿದ್ದನು. ಈಗ ಚರ್ಮದ ಮೇಲೆ ಗಾಯವೇ ಇಲ್ಲ. ಗಾಯವು ಕುಗ್ಗುತ್ತ ಕುಗ್ಗುತ್ತ ಇಲ್ಲವಾಗುವ ಕಾಲದಲ್ಲಿ, ಆದ ಕೆಲಸಕ್ಕೆ ಸಾಕ್ಷಿಯಾಗಿ ಉಳಿಯುವುದು ಮಾತೊಂದೇ.

ಹಾಗೆಂದು ಸತ್ಯವನ್ನು ಕಲ್ಲಿನಂತೆ ಎಸೆಯಬೇಕೆಂದು ಅರ್ಥವಲ್ಲ. ‘ನನಗೇನೂ ಹೇಳಬೇಡಿ, ಮಗನನ್ನು ಕೇಳಿಕೊಳ್ಳಿ’ ಎನ್ನುವ ಹಿರಿಯರು ಉಂಟು. ತಿಳಿಯದಿರುವುದೂ ಅವರ ಹಕ್ಕೇ. ಆದರೆ ಆ ಮಾತು ಅವರ ಬಾಯಿಂದ ಬರಬೇಕು; ಅವರ ಪರವಾಗಿ ನಾವು ಊಹಿಸಿಕೊಳ್ಳಬಾರದು. ಹೇಳುವ ಭಾಷೆಯೂ ಅವರದೇ ಆಗಿರಬೇಕು. ಕನ್ನಡ, ಮರಾಠಿ, ಉರ್ದುಗಳಲ್ಲಿ ಬದುಕುವ ಮನುಷ್ಯನು ಇಂಗ್ಲಿಷಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಮಸಿಯು ಅಂಟಿತೆನ್ನಬಹುದು, ಒಪ್ಪಿಗೆಯು ದೊರೆಯಿತೆನ್ನಲಾಗದು. ಮನೆಯಲ್ಲಿ ಓದಿದವರಿದ್ದರೆ ಆ ಕಾಗದವನ್ನು ತಿಳಿಯಾಗಿ ಓದಿ ಹೇಳುವುದೇ ಅವರ ಮೊದಲ ಸೇವೆ: ಏನನ್ನು ತೆಗೆಯುವರು, ಏನು ಉಳಿಯುವುದು, ಆಮೇಲೆ ಹೇಗೆ ಉಣ್ಣಬೇಕು, ಸಣ್ಣ ದಾರಿಯು ಫಲಿಸದಿದ್ದರೆ ಏನು ಮಾಡುವರು ಎಂಬಿಷ್ಟನ್ನು.

ಔರಾದದ ಆ ಮಗನು ವೈದ್ಯರಿಗೆ ಕೈಮುಗಿಯುವ ಮೊದಲು ಒಂದು ಗಳಿಗೆ ತಂದೆಯ ಹಾಸಿಗೆಯ ಅಂಚಿನಲ್ಲಿ ಕುಳಿತು, “ಯಪ್ಪಾ, ಡಾಕ್ಟರು ಹೇಳಿದ್ದೆಲ್ಲಾ ನಿನಗ ಹೇಳಬೇಕೇನು?” ಎಂದು ಕೇಳಿದ್ದರೆ ಸಾಕಾಗಿದ್ದಿತು. ಉತ್ತರವು ಏನೇ ಬಂದಿದ್ದರೂ ಅದು ತಂದೆಯದಾಗಿರುತ್ತಿದ್ದಿತು.