ಅಳತೆಗೆ ಸಿಕ್ಕ ಮೂಳೆ, ಊಹೆಗೆ ಬಿಟ್ಟ ಸ್ನಾಯು

ಎಂಆರ್‌ಐ ಚಿತ್ರಗಳಿಂದ ರೋಗಿಯೊಬ್ಬರ ತೊಡೆಮೂಳೆ, ಸೊಂಟದ ಕೀಲುಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ನಡಿಗೆಯ ದಾಖಲೆಯನ್ನು ಜೋಡಿಸಿದರೆ ಅದು ‘ಅವರದೇ’ ದೇಹದ ಮಾದರಿ ಎನ್ನುತ್ತಾರೆ. ಆ ಮಾತು ಎಲ್ಲಿಯವರೆಗೆ ನಿಜ? ಮೂಳೆಯ ಮಟ್ಟಿಗೆ ತಕರಾರಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳ ತೊಡೆಮೂಳೆ ಹೆಚ್ಚು ತಿರುಚಿಕೊಂಡಿರುತ್ತದೆ. ವಯಸ್ಕರ ಸರಾಸರಿ ಮಾದರಿಯನ್ನೇ ಕುಗ್ಗಿಸಿ ಹೊಂದಿಸಿದರೆ ಆ ತಿರುಚು ಕಾಣೆಯಾಗಿ ಸ್ನಾಯುಗಳ ಎಳೆತದ ಲೆಕ್ಕವೇ ತಪ್ಪುತ್ತದೆ. ಆದರೆ ಕೀಲನ್ನು ಆಡಿಸಲು ಬೇಕಾದುದಕ್ಕಿಂತ ಹೆಚ್ಚು ಸ್ನಾಯುಗಳು ನಮ್ಮಲ್ಲಿವೆ. ಯಾವುದು ಎಷ್ಟು ದುಡಿಯಿತೆಂದು ಚಿತ್ರ ಹೇಳದು. ಆಗ ಸ್ಟ್ಯಾನ್‌ಫರ್ಡ್‌ನ ಓಪನ್‌ಸಿಮ್‌ನಂಥ ತಂತ್ರಾಂಶ ಬಳಸುವವರು ಸಾಮಾನ್ಯವಾಗಿ ಒಂದು ನಿಯಮ ಹಾಕಿಕೊಳ್ಳುತ್ತಾರೆ: ದೇಹ ಆದಷ್ಟು ಕಡಿಮೆ ಶ್ರಮದಲ್ಲಿ ಕೆಲಸ ಮುಗಿಸುತ್ತದೆ. ನೋವಿಗೆ ಹೆದರಿ ಮೈ ಬಿಗಿಹಿಡಿದು ನಡೆಯುವವರು ಈ ಮಿತವ್ಯಯ ಪಾಲಿಸುತ್ತಾರೆಯೇ?

ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದ ಲೆಕ್ಕದಲ್ಲಿ ಮೂಳೆ ಪ್ರತ್ಯಕ್ಷ, ಅಂದರೆ ಕಂಡದ್ದು; ಸ್ನಾಯುಬಲ ಅನುಮಾನ, ಅಂದರೆ ತರ್ಕಿಸಿ ತಿಳಿದದ್ದು. (ಎಂಆರ್‌ಐ ಚಿತ್ರ ಪ್ರತ್ಯಕ್ಷವೇ ಎಂದು ನೈಯಾಯಿಕರು ಇನ್ನೊಂದು ಜಗಳ ತೆಗೆದಾರು.) ಅನುಮಾನ ನಿಂತಿರುವುದು ವ್ಯಾಪ್ತಿಯ, ಅಂದರೆ ತಪ್ಪದೆ ಸಲ್ಲುವ ನಿಯಮದ ಮೇಲೆ; ಇಲ್ಲಿ ಆ ನಿಯಮ ಕಡಿಮೆ ಶ್ರಮದ್ದು, ಅದು ಈ ರೋಗಿಗೂ ಸಲ್ಲುತ್ತದೆಂಬುದೇ ಸಾಧಿಸಬೇಕಾದ ಸಂಗತಿ. ಬರ್ಲಿನ್ನಿನ ಸಂಶೋಧಕರು ಕೃತಕ ಸೊಂಟದೊಳಗೆ ಸಂವೇದಕ ಇಟ್ಟು ಬಲವನ್ನೇ ಅಳೆದಿದ್ದಾರಲ್ಲ ಎನ್ನಬಹುದು. ಹೌದು, ಸಾಧಾರಣ ನಡಿಗೆಯಲ್ಲಿ ಅದು ದೇಹತೂಕದ 2.5 ಪಟ್ಟಿನ ಆಸುಪಾಸು. ಆದರೆ ಅದು ಕೀಲಿನ ಒಟ್ಟು ಬಲ. ಒಂದೇ ಮೊತ್ತಕ್ಕೆ ಸ್ನಾಯುಗಳ ಹಲವು ಹಂಚಿಕೆಗಳು ಹೊಂದುತ್ತವೆ. ಹಾಗೆಂದು ಮಾದರಿ ಸುಳ್ಳಲ್ಲ. ಮೂಳೆ ಕೊಯ್ದು ತಿರುಗಿಸುವ ಶಸ್ತ್ರಕ್ರಿಯೆಗೆ ಮುನ್ನ ಅದರ ನೆರವು ಬೇಕು. ಪರದೆಯ ಸಂಖ್ಯೆಯಲ್ಲಿ ಅಳೆದದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬಿಡಿಸಿ ಹೇಳದೆ ಮಾತ್ರ ಯಾರೂ ರೋಗಿಗೆ ‘ಇದು ನಿಮ್ಮದೇ ಮಾದರಿ’ ಎನ್ನಬಾರದು.