ದಾಸಿಯ ಹೆಸರು

ನಮ್ಮ ಬೈಕುಲ್ಲಾದ ಮಾಗೆನ್ ಡೇವಿಡ್ ಸಿನಗಾಗಿನ ಎತ್ತರದ ಗೋಪುರವನ್ನು ಬಸ್ಸಿನ ಕಿಟಕಿಯಿಂದ ಕಾಣದ ಕನ್ನಡಿಗರು ವಿರಳ. 1860ರ ದಶಕದಲ್ಲಿ ಡೇವಿಡ್ ಸಸೂನರು ಕಟ್ಟಿಸಿದ ಪ್ರಾರ್ಥನಾಮಂದಿರವದು. ಯೆಹೂದ್ಯರ ವರ್ಷಾರಂಭವೂ ನಮ್ಮ ನವರಾತ್ರಿಯಂತೆ ಚಾಂದ್ರಮಾನವನ್ನೇ ಅನುಸರಿಸುವುದರಿಂದ ಎರಡೂ ಆಗಾಗ ಜೊತೆಯಾಗಿ ಬರುತ್ತವೆ. 2022ರಲ್ಲಿ ಸೆಪ್ಟೆಂಬರ್ 26ರಂದು ಒಂದೇ ದಿನ ಕೂಡಿಬಂದಿದ್ದವು. ಆ ಪರ್ವದ ಮೊದಲ ದಿನ ಸಿನಗಾಗುಗಳಲ್ಲಿ ವಾಚನಗೊಳ್ಳುವ ಕಥಾಭಾಗದಲ್ಲಿ, ಮನೆಯಿಂದ ಹೊರದೂಡಲ್ಪಟ್ಟ ದಾಸಿಯೊಬ್ಬಳ ವೃತ್ತಾಂತವಿದೆ. ಅವಳೇ ಹಾಗರಳು, ಮುಸಲ್ಮಾನ ಬಾಂಧವರ ಹಾಜಿರಾ.

ಮಕ್ಕಳಿಲ್ಲದ ಸಾರಳು ತನ್ನ ಈಜಿಪ್ಟಿನ ದಾಸಿಯನ್ನು ತಾನಾಗಿಯೇ ಪತಿ ಅಬ್ರಹಾಮನಿಗೆ ಒಪ್ಪಿಸಿದಳು. ಗರ್ಭಿಣಿಯಾದ ದಾಸಿ ಒಡತಿಯನ್ನು ತಾತ್ಸಾರದಿಂದ ಕಂಡಳು, ಒಡತಿ ಪೀಡಿಸಿದಳು, ದಾಸಿ ಅಡವಿಗೆ ಓಡಿದಳು. ಅಂಬಿಕೆಯು ತನಗೆ ಬದಲಾಗಿ ವ್ಯಾಸರ ಬಳಿಗೆ ಕಳುಹಿಸಿದ ದಾಸಿಯನ್ನು ವಾಚಕರು ಇಲ್ಲಿ ನೆನೆಯದಿರಲಾರರು. ವಿದುರನಂಥ ಮಗನನ್ನು ಹೆತ್ತ ಆ ತಾಯಿಗೆ ವ್ಯಾಸಭಾರತದಲ್ಲಿ ದಾಸ್ಯವಿಮೋಚನೆಯ ವರ ದೊರೆಯಿತು, ಹೆಸರು ದೊರೆಯಲಿಲ್ಲ.

ಆದಿಕಾಂಡದಲ್ಲಿ ಅಬ್ರಹಾಮನಾಗಲಿ ಸಾರಳಾಗಲಿ ಒಮ್ಮೆಯೂ ಹಾಗರಳನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅವರ ಬಾಯಲ್ಲಿ ಅವಳು ಬರಿಯ ದಾಸಿ. ಅಡವಿಯ ನೀರಿನ ಬುಗ್ಗೆಯ ಬಳಿ ದೇವದೂತನೇ ಮೊದಲು ಹೆಸರೆತ್ತಿ ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂದು ವಿಚಾರಿಸುತ್ತಾನೆ. ಅವಳೋ ದೇವರಿಗೇ ಒಂದು ಹೆಸರನ್ನಿಡುತ್ತಾಳೆ: ತನ್ನನ್ನು ನೋಡುವ ದೇವರು ಎಂದು. ಆ ಗ್ರಂಥದಲ್ಲಿ ದೇವರಿಗೆ ಹೆಸರಿಟ್ಟ ಮೊದಲಿಗಳು ಅವಳೇ. ಆದರೆ ಒಡತಿಯ ಬಳಿಗೆ ಮರಳಿ ತಗ್ಗಿ ನಡೆಯೆಂದು ಆಜ್ಞಾಪಿಸಿದವನೂ ಅದೇ ದೂತ. ಈ ಮಾತು ನನಗಿನ್ನೂ ಜೀರ್ಣವಾಗಿಲ್ಲ.

ಮುಂದೆ ಸಾರಳಿಗೂ ಮಗ ಹುಟ್ಟಿದನು. ಆಗ ಹಾಗರಳಿಗೆ ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಕೊಟ್ಟು ಮಗನೊಡನೆ ಮರುಭೂಮಿಗೆ ಅಟ್ಟಿದರು. ಅದಕ್ಕೆ ದೈವಸಮ್ಮತಿಯಿತ್ತೆಂದು ಗ್ರಂಥವೇ ಹೇಳುತ್ತದೆ. ದೈವಸಮ್ಮತಿಯಿಂದ ಯಜಮಾನನ ಹೊಣೆ ಕಳೆಯುವುದೇ? 13ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ನಹ್ಮನಿದೆಸ್ ಆ ಮೊದಲ ಪೀಡನೆಯ ಪ್ರಸಂಗದಲ್ಲಿ, ಕಾಟ ಕೊಟ್ಟದ್ದು ಸಾರಳ ಪಾಪ, ಅದಕ್ಕೆ ಎಡೆಗೊಟ್ಟದ್ದು ಅಬ್ರಹಾಮನ ಪಾಪವೆಂದು ಬರೆದರು. ಸ್ವಂತ ಕುಲದ ಮೂಲಮಾತೆಯನ್ನು ಕುರಿತು ಹೀಗೆ ಬರೆಯಲು ಎದೆಗಾರಿಕೆ ಬೇಕು. ಕ್ರೈಸ್ತರ ಸಂತ ಪೌಲರ ಪತ್ರದಲ್ಲಾದರೋ ಅವಳು ದಾಸ್ಯಕ್ಕೊಂದು ದೃಷ್ಟಾಂತವಾಗಿ, ಹೆಂಗಸು ಮರೆಯಾದಳು.

ಅವಳ ಕಾಲಿಗೆ ಗೌರವ ಸಂದದ್ದು ಇಸ್ಲಾಮಿನಲ್ಲಿ. ಬಾಯಾರಿದ ಕಂದನಿಗಾಗಿ ಸಫಾ, ಮರ್ವಾ ಗುಡ್ಡಗಳ ನಡುವೆ ಹಾಜಿರಾ ಏಳು ಬಾರಿ ಓಡಾಡಿದಳು. ಆಮೇಲೆ ಝಮ್‌ಝಮ್ ಜಲವುಕ್ಕಿತು ಎಂಬುದು ಸಂಪ್ರದಾಯ. 1990ರ ದಶಕದ ನಡುವಿನವರೆಗೂ ಈ ಮುಂಬಯಿ ಬಂದರಿನಿಂದ ಹಡಗೇರುತ್ತಿದ್ದ ಬಡ ಯಾತ್ರಿಕನಾಗಲಿ, ಸಿಂಹಾಸನದಿಂದಿಳಿದು ಬಂದ ದೊರೆಯಾಗಲಿ, ಹಜ್ಜಿನಲ್ಲಿ ಆ ದಾಸಿಯ ಹೆಜ್ಜೆಯಲ್ಲೇ ಏಳು ಸಲ ನಡೆಯಬೇಕು.

ನವರಾತ್ರಿಯಲ್ಲಿ ದೇವಿಗೆ ಸಹಸ್ರನಾಮ ಅರ್ಚಿಸುವ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವಳು ಬರಿಯ ‘ಬಾಯಿ’. ನಮ್ಮಲ್ಲಿಯೂ 11 ವರ್ಷ ದುಡಿದವಳೊಬ್ಬಳಿದ್ದಳು. ಒಂದು ಮಳೆಗಾಲ 15 ದಿನ ಬಾರದಿದ್ದಾಗ ಅವಳ ಚಾಳನ್ನು ಹುಡುಕಿಕೊಂಡು ಹೋದೆ. ನಲ್ಲಿಯ ಬಳಿ ನೀರು ಹಿಡಿಯುತ್ತಿದ್ದ ಹೆಂಗಸರು ಯಾರು ಬೇಕೆಂದು ಕೇಳಿದರು. ಹೇಳಲು ನನ್ನ ಬಳಿ ಹೆಸರಿರಲಿಲ್ಲ.